ಆಟಿಸಂ ಇರುವ ಮಗುವಿನ ಪಾಲನೆ: ತಾಯಿಯ ಹೊಣೆ, ಊರಿನ ಹೊಣೆ

ಆಟಿಸಂ ಇರುವ ಮಗುವನ್ನು ಬೆಳೆಸುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಎಂಬತ್ತು ವರ್ಷಗಳಲ್ಲಿ ಬಂದಿರುವ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಉತ್ತರಗಳೆಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಆರಂಭದ ದಶಕಗಳಲ್ಲಿ ಮಗುವಿನ ಸ್ಥಿತಿಗೆ ಆಕೆಯೇ ಕಾರಣಳೆನ್ನಲಾಯಿತು; ಆ ವಾದ ಬಿದ್ದುಹೋದ ಮೇಲೆ ಆಕೆಯೇ ಮಗುವಿಗೆ ಚಿಕಿತ್ಸಕಿಯಾಗಬೇಕೆನ್ನಲಾಯಿತು. ಮೊದಲನೆಯ ಮಾತಿಗೆ ಯಾವ ಆಧಾರವೂ ಇರಲಿಲ್ಲ, ಎರಡನೆಯದಕ್ಕೆ ತಕ್ಕಮಟ್ಟಿನ ಆಧಾರವಿದೆ. ಆದರೆ ಎರಡು ಸಂದರ್ಭಗಳಲ್ಲಿಯೂ ಭಾರ ಬಿದ್ದದ್ದು ಒಂದೇ ಹೆಗಲಿನ ಮೇಲೆ. ಈವರೆಗಿನ ಸಂಶೋಧನೆ, ಕಾನೂನು ಮತ್ತು ಕುಟುಂಬಗಳ ಅನುಭವವನ್ನು ಜೊತೆಯಾಗಿ ಓದಿದಾಗ ಕಾಣುವುದು ಬೇರೆಯೇ ಸಂಗತಿ: ಇಂಥ ಮಗುವಿನ ಬದುಕು ಹೇಗೆ ಸಾಗುತ್ತದೆಂಬುದನ್ನು ಅದರ ಸುತ್ತಲಿನ ಜನ, ಶಾಲೆ ಮತ್ತು ವ್ಯವಸ್ಥೆ ಬಹುಮಟ್ಟಿಗೆ ನಿರ್ಧರಿಸುತ್ತವೆ. ತಾಯಿ ಆ ಪರಿಸರದ ಒಂದು ಭಾಗ ಮಾತ್ರ.

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ ಒಂದು ರೋಗವಲ್ಲ. ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ವ್ಯತ್ಯಾಸ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯ ಪ್ರಕಾರ, ಎರಡು ಬಗೆಯ ಲಕ್ಷಣಗಳು ಎಳವೆಯಿಂದಲೇ ಇದ್ದರೆ ಆಟಿಸಂ ಎಂದು ಗುರುತಿಸಲಾಗುತ್ತದೆ. ಇತರರೊಡನೆ ಒಡನಾಡುವುದರಲ್ಲಿ ಮತ್ತು ಸಂವಹನದಲ್ಲಿ ತೊಡಕಿರುವುದು ಮೊದಲನೆಯದು. ಒಂದೇ ಬಗೆಯ ಚಲನೆ, ಆಟ ಅಥವಾ ಆಸಕ್ತಿಯನ್ನು ಬಿಡದೆ ಮುಂದುವರಿಸುವುದು, ದಿನಚರಿ ತುಸು ಬದಲಾದರೂ ತಾಳಲಾರದಿರುವುದು, ಸದ್ದು, ಬೆಳಕು, ಸ್ಪರ್ಶ, ರುಚಿಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದು ಎರಡನೆಯದು. ಈ ಲಕ್ಷಣಗಳು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲವಾದ್ದರಿಂದ ಇದನ್ನು ಸ್ಪೆಕ್ಟ್ರಮ್, ಅಂದರೆ ಹರಹು, ಎನ್ನುತ್ತಾರೆ. ಒಂದು ಮಾತೂ ಆಡದ, ಬಟ್ಟೆ ತೊಡಲು ಸಹ ನೆರವು ಬೇಕಾದ ಮಗುವೂ, ಎಂಜಿನಿಯರಿಂಗ್ ಓದುತ್ತಿದ್ದು ಗೆಳೆಯರ ತಮಾಷೆ ಅರ್ಥವಾಗದೆ ಒಂಟಿಯಾಗುವ ತರುಣನೂ ಈ ಹರಹಿನೊಳಗೇ ಬರುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚು ಕಂಡುಬರುತ್ತದೆ; ಹುಡುಗಿಯರು ಸುತ್ತಲಿನವರನ್ನು ಅನುಕರಿಸಿ ತಮ್ಮ ತೊಡಕನ್ನು ಮರೆಸಿಕೊಳ್ಳುವುದರಿಂದ ಅನೇಕರು ಲೆಕ್ಕಕ್ಕೇ ಬರುವುದಿಲ್ಲವೆಂಬ ಅಭಿಪ್ರಾಯ ಈಚೆಗೆ ಬಲವಾಗಿದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಗಣನೆಯಂತೆ 2000ದಲ್ಲಿ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2022ರ ಗಣನೆಯಲ್ಲಿ ಅದು 31ಕ್ಕೆ ಒಬ್ಬರಾಯಿತು. ಈ ಏರಿಕೆಯ ದೊಡ್ಡ ಪಾಲು ವ್ಯಾಖ್ಯಾನ ವಿಸ್ತಾರವಾದದ್ದರಿಂದಲೂ ಹುಡುಕುವವರ ಕಣ್ಣು ಚುರುಕಾದದ್ದರಿಂದಲೂ ಬಂದುದು. ಭಾರತದಲ್ಲಿ ಪಲ್ವಲ್, ಕಾಂಗ್ರಾ, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಸುಮಾರು ನೂರಕ್ಕೆ ಒಂದು ಮಗುವಿಗೆ ಆಟಿಸಂ ಇರುವುದನ್ನು ಕಂಡಿತು. ನೂರಕ್ಕೆ ಒಂದೆಂದರೆ, ಸಾಧಾರಣ ಗಾತ್ರದ ಪ್ರತಿಯೊಂದು ಸರ್ಕಾರಿ ಪ್ರಾಥಮಿಕ ಶಾಲೆಯ ಸರಹದ್ದಿನಲ್ಲಿಯೂ ಇಂಥ ಒಂದೆರಡು ಮಕ್ಕಳಿರಬೇಕು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಕಾಣದಿದ್ದರೆ ಅವರು ಮನೆಯಲ್ಲಿದ್ದಾರೆ ಎಂದೇ ಅರ್ಥ.

ಈ ಸ್ಥಿತಿಗೆ ವೈದ್ಯಕೀಯ ಹೆಸರು ಬಂದದ್ದು 1943ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿದಾಗ. ಮರುವರ್ಷವೇ ವಿಯೆನ್ನಾದ ಹಾನ್ಸ್ ಆಸ್ಪರ್ಗರ್, ಅದಕ್ಕೂ ಮೊದಲು 1920ರ ದಶಕದಲ್ಲಿ ಮಾಸ್ಕೋದ ಗ್ರೂನ್ಯಾ ಸುಖರೇವಾ ಇಂಥ ಮಕ್ಕಳ ಬಗ್ಗೆ ಬರೆದಿದ್ದರೂ ಅವರ ಬರಹಗಳು ಜಗತ್ತಿನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಹುಟ್ಟಿನಿಂದಲೇ ಇರುವ ವ್ಯತ್ಯಾಸವಿದೆಂದು ಕ್ಯಾನರ್ ಸ್ಪಷ್ಟವಾಗಿಯೇ ಬರೆದರು. ಆದರೆ ಅದೇ ಲೇಖನದಲ್ಲಿ ಈ ಮಕ್ಕಳ ತಂದೆತಾಯಂದಿರಲ್ಲಿ ಪ್ರೀತಿಯ ಬೆಚ್ಚನೆ ಕಡಿಮೆಯೆಂಬ ಮಾತನ್ನೂ ಸೇರಿಸಿದರು. ಮುಂದೆ ಬೆಳೆದದ್ದು ಈ ಎರಡನೆಯ ಮಾತು. ಷಿಕಾಗೋದ ಬ್ರೂನೊ ಬೆಟೆಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ತಾಯಿಯ ತಿರಸ್ಕಾರವನ್ನು ಕಂಡ ಮಗು ಜಗತ್ತಿಗೆ ಬೆನ್ನು ತಿರುಗಿಸುತ್ತದೆಂದು ವಾದಿಸಿದರು. ಈ ಸಿದ್ಧಾಂತಕ್ಕೆ 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರ ಹೆಸರು ಅಂಟಿಕೊಂಡಿತು, ಮಕ್ಕಳನ್ನು ಮನೆಯಿಂದ ಬೇರೆಮಾಡಿ ಸಂಸ್ಥೆಗಳಲ್ಲಿ ಇಡುವುದೇ ಚಿಕಿತ್ಸೆಯೆನಿಸಿತು.

ಈ ಸಿದ್ಧಾಂತವನ್ನು ಮುರಿದವರಲ್ಲಿ ಮೊದಲಿಗರು ಬರ್ನಾರ್ಡ್ ರಿಮ್‌ಲ್ಯಾಂಡ್. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಅವರು ಸ್ವತಃ ಆಟಿಸಂ ಇರುವ ಮಗುವಿನ ತಂದೆಯಾಗಿದ್ದು, ತಾಯಿಯನ್ನು ದೂಷಿಸುವ ವಾದಕ್ಕೆ ಸಾಕ್ಷ್ಯವೇ ಇಲ್ಲವೆಂದು 1964ರಲ್ಲಿ ಪುಸ್ತಕರೂಪದಲ್ಲಿ ತೋರಿಸಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಜೋಡಿ ಅವಳಿಗಳನ್ನು ಅಭ್ಯಸಿಸಿ, ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇರುವುದನ್ನೂ, ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗೆ ಇಲ್ಲದಿರುವುದನ್ನೂ ಕಂಡುಕೊಂಡರು. ಆನುವಂಶಿಕ ಅಂಶ ಬಲವಾಗಿದೆಯೆಂಬುದು ಅಲ್ಲಿಂದ ಮುಂದಿನ ಎಲ್ಲ ಅಧ್ಯಯನಗಳಲ್ಲಿ ಗಟ್ಟಿಯಾಗುತ್ತಲೇ ಬಂದಿದೆ. ಒಂದು ಮಗುವಿಗೆ ಆಟಿಸಂ ಇದ್ದರೆ ಅದರ ಬೆನ್ನಿಗೆ ಹುಟ್ಟುವ ಮಕ್ಕಳಲ್ಲಿ ಸುಮಾರು ಐವರಿಗೆ ಒಬ್ಬರಲ್ಲಿ ಅದು ಕಾಣಿಸುತ್ತದೆಂದು ಈಗ ತಿಳಿದಿದೆ. ಲಸಿಕೆಯಿಂದ ಆಟಿಸಂ ಬರಬಹುದೆಂದು ಸೂಚಿಸಿ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರು ಪ್ರಕಟಿಸಿದ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆ ಮಾತಿಗೆ ಇಂದು ಯಾವ ಬೆಲೆಯೂ ಇಲ್ಲ.

ಕ್ಯಾನರ್ ವಿವರಿಸಿದ ಮೊದಲನೆಯ ಮಗು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನ ಬದುಕಿನ ಕಥೆ ಪಾಲನೆಯ ಪ್ರಶ್ನೆಗೆ ಸಿದ್ಧಾಂತಗಳಿಗಿಂತ ಹೆಚ್ಚು ಬೆಳಕು ಚೆಲ್ಲುತ್ತದೆ. ಮೂರು ವರ್ಷದವನಿದ್ದಾಗ ವೈದ್ಯರ ಮಾತಿನಂತೆ ಅವನನ್ನು ಒಂದು ಸಂಸ್ಥೆಗೆ ಸೇರಿಸಿದ ತಂದೆತಾಯಿ ವರ್ಷದೊಳಗೆ ಮನಸ್ಸು ತಡೆಯದೆ ಮನೆಗೆ ಕರೆತಂದರು. ಮುಂದೆ ಕೆಲವು ಕಾಲ ಅವನು ಊರ ಹೊರಗಿನ ರೈತ ದಂಪತಿಗಳ ಬಳಿ ಇದ್ದ. ಅಲ್ಲಿಗೆ ಹೋಗಿದ್ದ ಕ್ಯಾನರ್ ಕಂಡದ್ದನ್ನು 1971ರ ಲೇಖನದಲ್ಲಿ ದಾಖಲಿಸಿದ್ದಾರೆ. ಹುಡುಗನಿಗೆ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವ ಗೀಳು ಹತ್ತಿದಾಗ ಆ ರೈತ ಅವನನ್ನು ಗದರಲಿಲ್ಲ. ನೇಗಿಲು ಹೂಡುತ್ತ ಸಾಲುಗಳನ್ನು ಎಣಿಸಲು ಬಿಟ್ಟ. ಅಳತೆಗಳ ಹುಚ್ಚು ಹಿಡಿದಾಗ ಬಾವಿ ತೋಡಿಸಿ ಎಷ್ಟು ಆಳವಾಯಿತೆಂದು ಹೇಳಿಸಿದ. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡತೊಡಗಿದಾಗ ಅವುಗಳಿಗೊಂದು ಮಣ್ಣುಮಾಡುವ ಜಾಗ ಕೊಟ್ಟ. ಯಾವ ತರಬೇತಿಯೂ ಇಲ್ಲದ ಆ ದಂಪತಿ ಮಾಡಿದ್ದು, ಮಗುವಿನ ಒಲವು ಹರಿಯುತ್ತಿರುವ ಕಡೆಗೇ ಕೆಲಸವನ್ನು ಒಯ್ದದ್ದು. ಡೊನಾಲ್ಡ್ ಕಾಲೇಜು ಮುಗಿಸಿ, ತಾಯಿಯ ಮನೆತನದ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಲು ಕಲಿತು, ಗಾಲ್ಫ್ ಆಡುತ್ತ, ಊರಿನವರೆಲ್ಲರಿಗೂ ಬೇಕಾದವನಾಗಿ ಬಾಳಿ 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ಹನ್ನೊಂದು ಮಕ್ಕಳಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಪಾಲಾದವರು ಇದ್ದ ಅಲ್ಪಸ್ವಲ್ಪ ಸಾಮರ್ಥ್ಯವನ್ನೂ ಕಳೆದುಕೊಂಡು ಕಾಲ ತಳ್ಳಿದರೆಂದು ಕ್ಯಾನರ್ ನೋವಿನಿಂದ ಬರೆದಿದ್ದಾರೆ. ಡೊನಾಲ್ಡನ ಕುಟುಂಬಕ್ಕೆ ಹಣವಿತ್ತು, ಊರಿನಲ್ಲಿ ಮಾನವಿತ್ತು ಎಂಬುದನ್ನು ಮರೆಯಬಾರದು; ಆದರೆ ಹಣವೊಂದರಿಂದಲೇ ಒಂದು ಊರು ಒಬ್ಬನನ್ನು ತನ್ನವನೆಂದು ಒಪ್ಪಿಕೊಳ್ಳುವುದಿಲ್ಲ.

ಭಾರತದ ಕುಟುಂಬಗಳಲ್ಲಿ ಮೊದಲ ಅನುಮಾನ ಸಾಮಾನ್ಯವಾಗಿ ಹುಟ್ಟುವುದು ಮಾತು ತಡವಾದಾಗ. ಅದಕ್ಕೂ ಮುಂಚಿನ ಸೂಚನೆಗಳು ಮಾತಿಲ್ಲದ ಸಂಗತಿಗಳಲ್ಲಿ ಇರುತ್ತವೆ: ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ ಅಮ್ಮನ ಮುಖ ನೋಡದಿರುವುದು, ಬೇಕಾದ ವಸ್ತುವಿನ ಕಡೆಗೆ ದೊಡ್ಡವರ ಕೈಯನ್ನೇ ಸಲಕರಣೆಯಂತೆ ಎಳೆದೊಯ್ಯುವುದು. ಒಂದೇ ವಸ್ತುವಿನ ಮೇಲೆ ಇಬ್ಬರ ಗಮನವೂ ಕೂಡಿ, ಕೂಡಿದೆಯೆಂದು ಇಬ್ಬರಿಗೂ ತಿಳಿದಿರುವ ಈ ಸಾಮರ್ಥ್ಯವನ್ನು ಜಂಟಿ ಗಮನ ಎನ್ನುತ್ತಾರೆ. ಮಾತಿನ ಬೇರು ಇರುವುದು ಇಲ್ಲಿ. ಆದರೆ ಮನೆಯ ಹಿರಿಯರು 'ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಎಂದೋ, 'ಗಂಡುಮಕ್ಕಳಿಗೆ ಮಾತು ನಿಧಾನ' ಎಂದೋ ಧೈರ್ಯ ಹೇಳುತ್ತಾರೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ದೃಷ್ಟಿ ತೆಗೆಯುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಇವುಗಳಲ್ಲಿ ಕಳೆದುಹೋಗುವ ಒಂದೆರಡು ವರ್ಷ ಮಗುವಿಗೆ ಬಲು ದುಬಾರಿ. ಎರಡನೆಯ ವರ್ಷದಿಂದಲೇ ತಂದೆತಾಯಿಗೆ ಇಪ್ಪತ್ತು ಪ್ರಶ್ನೆಗಳನ್ನು ಕೇಳಿ ಅಪಾಯವನ್ನು ಅಂದಾಜು ಮಾಡುವ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ, ಅದರಡಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಗಳಲ್ಲಿ ವಿವರವಾದ ಪರೀಕ್ಷೆ ದೊರೆಯುತ್ತದೆ. ಪ್ರಮಾಣಪತ್ರಕ್ಕಾಗಿ ನಡೆಸುವ ಪರೀಕ್ಷೆಗೆ ನಲವತ್ತು ಅಂಶಗಳ ಭಾರತೀಯ ಮಾಪಕವೊಂದಿದ್ದು, ಅದರಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲವೆಂದೂ 153ಕ್ಕಿಂತ ಹೆಚ್ಚಾದರೆ ತೀವ್ರವೆಂದೂ ಪರಿಗಣಿಸಲಾಗುತ್ತದೆ.

ಹೆಸರು ತಿಳಿದ ಮೇಲೆ ದೂಷಣೆ ನಿಲ್ಲುವುದಿಲ್ಲ, ರೂಪ ಬದಲಿಸುತ್ತದೆ. ಮೊಬೈಲು ಕೊಟ್ಟು ಕೂರಿಸಿದ್ದರಿಂದ, ತಾಯಿ ಕೆಲಸಕ್ಕೆ ಹೋಗುವುದರಿಂದ, ಅಜ್ಜಿ ತಾತ ಮನೆಯಲ್ಲಿಲ್ಲದ್ದರಿಂದ ಮಗು ಹೀಗಾಯಿತೆಂಬ ಮಾತು ಇಂದು ಓದಿದವರ ಬಾಯಲ್ಲಿಯೂ ಬರುತ್ತದೆ. 'ವರ್ಚುಯಲ್ ಆಟಿಸಂ' ಎಂಬ ಹೆಸರು ಅದಕ್ಕೆ ಶಾಸ್ತ್ರದ ಬಣ್ಣ ಬಳಿಯುತ್ತದೆ. ಇಂಥ ರೋಗನಿರ್ಣಯ ಯಾವ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಇಲ್ಲ. ಪರದೆಯ ಮುಂದೆ ಬಹಳ ಹೊತ್ತು ಕಳೆಯುವ ಎಳೆಯ ಮಗುವಿಗೆ ಮಾತು ಕೇಳುವ, ಆಡುವ ಅವಕಾಶ ತಪ್ಪುವುದು ನಿಜ, ಅದನ್ನು ಕಡಿಮೆ ಮಾಡಬೇಕಾದದ್ದೂ ನಿಜ. ಆದರೆ ಒಡನಾಟದಲ್ಲಿ ತೊಡಕಿರುವ ಮಗು ಪರದೆಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ದಣಿದ ಮನೆಯವರು ಬೇರೆ ದಾರಿ ಕಾಣದೆ ಅದನ್ನು ಕೊಡುತ್ತಾರೆ ಎಂಬ ಹಿಮ್ಮುಖದ ಸಂಬಂಧವನ್ನು ಈ ವಾದ ನೋಡುವುದೇ ಇಲ್ಲ. ಅರವತ್ತರ ದಶಕದಲ್ಲಿ ತಾಯಿಯ ಮೇಲೆ ಹೊರಿಸಿದ ಆರೋಪವೇ ಇಲ್ಲಿ ಹೊಸ ಬಟ್ಟೆ ತೊಟ್ಟು ಬಂದಿದೆ.

ಚಿಕಿತ್ಸೆಯ ವಿಚಾರಕ್ಕೆ ಬಂದರೆ, ಆಟಿಸಂನ ಮೂಲ ಲಕ್ಷಣಗಳನ್ನು ಕಳೆಯುವ ಔಷಧವಿಲ್ಲ. ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್ ಎಂಬ ಔಷಧಗಳನ್ನು ಅಮೆರಿಕದಲ್ಲಿ 2006 ಮತ್ತು 2009ರಲ್ಲಿ ಅನುಮೋದಿಸಿದ್ದು ವಿಪರೀತ ಸಿಡುಕು, ತನ್ನನ್ನೇ ಘಾಸಿಗೊಳಿಸಿಕೊಳ್ಳುವಂಥ ವರ್ತನೆಗಳಿಗೆ ಮಾತ್ರ. ಮೂರ್ಛೆ, ನಿದ್ರಾಹೀನತೆ, ಅತಿಚಟುವಟಿಕೆಗಳು ಜೊತೆಗಿದ್ದರೆ ಅವುಗಳಿಗೆ ಪ್ರತ್ಯೇಕ ಚಿಕಿತ್ಸೆ ಬೇಕು. ವರ್ತನೆಯನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಬಹುಮಾನದ ಮೂಲಕ ಕಲಿಸುವ ವಿಧಾನವನ್ನು ಕ್ಯಾಲಿಫೋರ್ನಿಯಾದ ಐವರ್ ಲೋವಾಸ್ ಬೆಳೆಸಿದರು. ವಾರಕ್ಕೆ ನಲವತ್ತು ಗಂಟೆಗಳ ಕಲಿಕೆ ಪಡೆದ 19 ಮಕ್ಕಳಲ್ಲಿ ಒಂಬತ್ತು ಮಂದಿ ಸಾಮಾನ್ಯ ಶಾಲೆಯ ಒಂದನೆಯ ತರಗತಿ ದಾಟಿದರೆಂಬ ಅವರ 1987ರ ವರದಿ ತಂದೆತಾಯಂದಿರಲ್ಲಿ ಅಪಾರ ಆಸೆ ಹುಟ್ಟಿಸಿತು. ಮಕ್ಕಳನ್ನು ಗುಂಪುಗಳಿಗೆ ಹಂಚಿದ ಕ್ರಮ ಸರಿಯಿರಲಿಲ್ಲವೆಂಬ ಟೀಕೆಯೂ, ಆ ಕಾಲದಲ್ಲಿ ಏಟಿನಂಥ ಶಿಕ್ಷೆಯನ್ನು ಬಳಸಲಾಗಿತ್ತೆಂಬ ನೈತಿಕ ಆಕ್ಷೇಪವೂ ಅದರ ಬೆನ್ನಿಗೇ ಬಂದವು. ಇಂದು ಶಿಕ್ಷೆಯನ್ನು ಕೈಬಿಟ್ಟ, ಆಟದೊಳಗೇ ಕಲಿಸುವ ಸೌಮ್ಯ ರೂಪಗಳು ಬಳಕೆಯಲ್ಲಿವೆ; ಆದರೂ ಗಂಟೆಗಳ ಲೆಕ್ಕದಲ್ಲಿ ಮಗುವಿನ ಬಾಲ್ಯವನ್ನೇ ತುಂಬಿಬಿಡುವುದು ಅಗತ್ಯವೆಂಬುದಕ್ಕೆ ಸಾಕಷ್ಟು ಗಟ್ಟಿಯಾದ ಪುರಾವೆ ಒದಗಿಲ್ಲ.

ಇದಕ್ಕಿಂತ ಭಿನ್ನವಾದ ದಾರಿ ಮ್ಯಾಂಚೆಸ್ಟರಿನ ಜೊನಾಥನ್ ಗ್ರೀನ್ ಮತ್ತು ಸಂಗಡಿಗರದು. ಅವರ ಪ್ಯಾಕ್ಟ್ ಎಂಬ ವಿಧಾನದಲ್ಲಿ ಚಿಕಿತ್ಸಕರು ಮಗುವಿಗೆ ನೇರವಾಗಿ ಏನನ್ನೂ ಕಲಿಸುವುದಿಲ್ಲ. ತಂದೆಯೋ ತಾಯಿಯೋ ಮಗುವಿನೊಡನೆ ಆಡುವುದನ್ನು ಕೆಲವು ನಿಮಿಷ ವೀಡಿಯೊ ಮಾಡಿ, ಆಮೇಲೆ ಅವರ ಪಕ್ಕದಲ್ಲಿಯೇ ಕುಳಿತು ಅದನ್ನು ನೋಡುತ್ತ, ಮಗು ಸಣ್ಣದೊಂದು ನೋಟದಿಂದಲೋ ಸದ್ದಿನಿಂದಲೋ ಮಾತುಕತೆಗೆ ಕೈಚಾಚಿದ ಕ್ಷಣವನ್ನು, ದೊಡ್ಡವರು ಅದನ್ನು ಗಮನಿಸಿ ಉತ್ತರಿಸಿದ ಅಥವಾ ಗಮನಿಸದೆ ಮುಂದಿನ ಆಟಿಕೆಗೆ ಹೋದ ಕ್ಷಣವನ್ನು ಜೊತೆಯಾಗಿ ಗುರುತಿಸುತ್ತಾರೆ. 'ಇದೇನು? ಯಾವ ಬಣ್ಣ? ಹೇಳು' ಎಂದು ಪರೀಕ್ಷಿಸುವುದನ್ನು ಬಿಟ್ಟು, ಕಾದು, ಮಗು ನೋಡುತ್ತಿರುವುದರ ಬಗ್ಗೆಯೇ ಒಂದೆರಡು ಮಾತಾಡುವುದು ಈ ಕಲಿಕೆಯ ತಿರುಳು. 152 ಮಕ್ಕಳನ್ನೊಳಗೊಂಡ 2010ರ ವರದಿಯಲ್ಲಿ ತಂದೆತಾಯಿಯ ಸ್ಪಂದನೆ ಚೆನ್ನಾಗಿ ಸುಧಾರಿಸಿದರೂ ಆಟಿಸಂನ ಲಕ್ಷಣಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಅದೇ ಮಕ್ಕಳನ್ನು ಸುಮಾರು ಆರು ವರ್ಷಗಳ ಮೇಲೆ ನೋಡಿದಾಗ ಇಳಿಕೆ ಕಂಡುಬಂತೆಂದು 2016ರಲ್ಲಿ ವರದಿಯಾಯಿತು. ಅದೇ ವರ್ಷ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ 65 ಮಕ್ಕಳ ಮೇಲೆ ನಡೆಸಿದ ಇದೇ ವಿಧಾನದ ಪ್ರಯೋಗ ಪ್ರಕಟವಾಯಿತು. ಅಲ್ಲಿ ಈ ಕೆಲಸ ಮಾಡಿದವರು ತಜ್ಞವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಜಂಟಿ ಗಮನದ ಅವಧಿ ಮಾತ್ರ ಹೆಚ್ಚಲಿಲ್ಲ, ತಗ್ಗಿತು; ಆದ್ದರಿಂದ ಇದನ್ನು ಪವಾಡವೆನ್ನಲಾಗದು. ಆದರೆ ತಜ್ಞರು ತೀರ ವಿರಳವಾಗಿರುವ ನಾಡಿನಲ್ಲಿ, ಸ್ಪೀಚ್ ಥೆರಪಿಗಾಗಿ ಬೀದರಿನಿಂದಲೋ ಚಾಮರಾಜನಗರದಿಂದಲೋ ಊರೂರು ಅಲೆಯುವ ಕುಟುಂಬಗಳ ಮಟ್ಟಿಗೆ, ಮನೆಬಾಗಿಲಿಗೇ ಬರುವ ಕಾರ್ಯಕರ್ತೆಯೊಬ್ಬಳು ಇದನ್ನು ಮಾಡಬಲ್ಲಳೆಂಬುದು ದೊಡ್ಡ ಮಾತು. ಬೆಂಗಳೂರಿನಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತ ಅವರು ರೂಪಿಸಿದ ಕಾಮ್ ಡೀಲ್ ಕಾರ್ಯಕ್ರಮವೂ ಶಾಲೆಗೆ ಸೇರುವ ಮುಂಚಿನ ವಯಸ್ಸಿನಲ್ಲಿಯೇ ಮಕ್ಕಳನ್ನು ತಲಪುವ ಉದ್ದೇಶದ್ದು.

ಪುರಾವೆಯ ಕೊರತೆ ಇರುವಲ್ಲಿ ಮಾರಾಟಗಾರರು ನುಗ್ಗುತ್ತಾರೆ. ಗೋಧಿ-ಹಾಲು ಬಿಡಿಸುವ ಪಥ್ಯ, ಮೈಯೊಳಗಿನ ಲೋಹ ತೆಗೆಯುತ್ತೇವೆಂಬ ಔಷಧಿ, ಒತ್ತಡದ ಆಮ್ಲಜನಕ ಕೊಡುವ ಕೋಣೆ, ಇವೆಲ್ಲಕ್ಕಿಂತ ದುಬಾರಿಯಾದ ಕಾಂಡಕೋಶದ ಚುಚ್ಚುಮದ್ದು ಇತ್ಯಾದಿಗಳಿಗೆ ಕುಟುಂಬಗಳು ಒಡವೆ ಒತ್ತೆಯಿಟ್ಟು, ಜಮೀನು ಮಾರಿ ಹಣ ಸುರಿದಿವೆ. ಆಟಿಸಂಗೆ ಕಾಂಡಕೋಶ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲಿಯೇ ಹೇಳಿದೆ. ಮೂರು ತಿಂಗಳಲ್ಲಿ ಗುಣಪಡಿಸುತ್ತೇವೆಂದು ಹೇಳುವ ಯಾರನ್ನೇ ಆದರೂ ನಂಬಬಾರದು ಎಂಬ ಎಚ್ಚರಿಕೆಯನ್ನು ರೋಗನಿರ್ಣಯದ ದಿನವೇ ಕೊಡಬೇಕಾದದ್ದು ವೈದ್ಯರ ಕರ್ತವ್ಯ.

ಕನ್ನಡ ಮನೆಗಳಿಗೆ ವಿಶೇಷವಾಗಿ ತಾಗುವ ಒಂದು ಪ್ರಶ್ನೆ ಭಾಷೆಯದು. ಮಾತು ತಡವಾದ ಮಗುವಿಗೆ ಎರಡು ಮೂರು ಭಾಷೆಗಳಿಂದ ಗೊಂದಲವಾಗುತ್ತದೆ, ಆದ್ದರಿಂದ ಇಂಗ್ಲಿಷ್ ಒಂದನ್ನೇ ಬಳಸಿ ಎಂಬ ಸಲಹೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕನ್ನಡ ಕುಟುಂಬಗಳಲ್ಲಿಯೂ ಬಹುಕಾಲದಿಂದ ಕೇಳಿಬರುತ್ತಿದೆ. ಕೆನಡಾದಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೋಂಬೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಅನಂತರದವೂ ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳಿಗೆ ಅದರಿಂದ ಹೆಚ್ಚಿನ ಹಿನ್ನಡೆ ಆಗಿಲ್ಲವೆಂದು ತೋರಿಸಿವೆ. ಈ ಸಲಹೆಯಿಂದಾದ ಹಾನಿಯಾದರೋ ದೊಡ್ಡದು. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ಮಗುವಿನೊಡನೆ ನಾಲ್ಕು ಮಾತಾಡಿ ಸುಮ್ಮನಾಗುತ್ತಾಳೆ, ಕನ್ನಡವಷ್ಟೇ ಬಲ್ಲ ಅಜ್ಜಿ ಮೊಮ್ಮಗನ ಪಾಲಿಗೆ ಮೂಕಿಯಾಗುತ್ತಾಳೆ, ಮನೆತುಂಬ ಮಾತಿದ್ದರೂ ಮಗುವಿಗೆಂದು ಆಡಿದ ಮಾತು ಉಳಿಯುವುದಿಲ್ಲ. ಆಟಿಸಂ ಇರುವ ಅನೇಕ ಮಕ್ಕಳು ಕೇಳಿದ ಮಾತನ್ನು ಹಾಗೆಯೇ ಮರುನುಡಿಯುತ್ತವೆ. ನೀರು ಬೇಕಾದಾಗ ಮಗು ಅಮ್ಮನ ಧಾಟಿಯಲ್ಲಿಯೇ 'ನೀರು ಬೇಕಾ ಕಂದಾ?' ಎನ್ನುತ್ತದೆ. ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ತಡೆಯುತ್ತಿದ್ದ ಕಾಲವಿತ್ತು. ಅದು ಕೇಳುವ ಪ್ರಯತ್ನವೇ ಎಂದು ಈಗ ಒಪ್ಪಲಾಗಿದೆ; ನೀರು ಕೊಡುತ್ತ 'ನಂಗೆ ನೀರು ಬೇಕು' ಎಂದು ಮಗುವಿನ ಪರವಾಗಿ ಹೇಳಿಕೊಡುವುದು ಸರಿಯಾದ ಉತ್ತರ. ಮಾತು ಬಾರದ ಮಗುವಿಗೆ ಚಿತ್ರಗಳ ಚೀಟಿ, ಸನ್ನೆ, ಟ್ಯಾಬ್ಲೆಟ್ಟಿನ ಧ್ವನಿ ಮುಂತಾದ ಪರ್ಯಾಯ ಸಾಧನಗಳನ್ನು ಕೊಟ್ಟರೆ ಅದು ಮುಂದೆ ಮಾತಾಡುವುದೇ ಇಲ್ಲವೆಂಬ ಭಯವೂ ಆಧಾರವಿಲ್ಲದ್ದು. ಕೊರತೆಯಿರುವುದು ಕನ್ನಡದಲ್ಲಿ ಸಿದ್ಧವಾದ ಇಂಥ ಸಾಧನಗಳದು.

ದಿನದ ಬದುಕಿನಲ್ಲಿ ಮನೆಯವರನ್ನು ಹೆಚ್ಚು ಕಾಡುವುದು ಇಂದ್ರಿಯಗಳಿಗೆ ಸಂಬಂಧಿಸಿದ ತೊಡಕು. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಮದುವೆಮನೆಯ ಓಲಗ, ದೀಪಾವಳಿಯ ಪಟಾಕಿ ಇವು ಕೆಲವು ಮಕ್ಕಳಿಗೆ ಮೈಗೆ ಬಿದ್ದ ಏಟಿನಷ್ಟೇ ನೋವು ಕೊಡುತ್ತವೆ. ಇನ್ನು ಕೆಲವರಿಗೆ ಅಂಗಿಯ ಕತ್ತುಪಟ್ಟಿಯ ಲೇಬಲ್ಲು, ತಲೆಗೆ ಹಚ್ಚುವ ಎಣ್ಣೆ, ಸಾರಿನೊಳಗಿನ ತರಕಾರಿಯ ಹೋಳು ತಡೆಯಲಾಗದವು. ಮೂರು ಹೊತ್ತೂ ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟದ ಮಗುವನ್ನು ನೆಂಟರು ಹಠಮಾರಿಯೆಂದೇ ತಿಳಿಯುತ್ತಾರೆ. ಕ್ಷೌರದಂಥ ಸರಳ ಸಂಗತಿಯನ್ನೇ ನೋಡಬಹುದು: ಕುತ್ತಿಗೆಗೆ ಸುತ್ತಿದ ಬಟ್ಟೆ, ಕಿವಿಯ ಹತ್ತಿರ ಗುಂಯ್ಗುಡುವ ಯಂತ್ರ, ಚುಚ್ಚುವ ಕೂದಲ ಚೂರು, ಅಪರಿಚಿತ ಕೈ, ಇವೆಲ್ಲ ಒಮ್ಮೆಗೇ ಎರಗಿದಾಗ ಮಗು ಕಿರುಚಿ ಒದೆಯುತ್ತದೆ, ನಾಲ್ವರು ಹಿಡಿದುಕೊಂಡು ಕೂದಲು ತೆಗೆಸುತ್ತಾರೆ, ಮುಂದಿನ ಸಲ ಅಂಗಡಿಯ ಬೀದಿ ಕಂಡರೇ ಅಳು ಶುರುವಾಗುತ್ತದೆ. ಇದಕ್ಕೆ ಬದಲಾಗಿ, ನಿಂತ ಯಂತ್ರವನ್ನು ಮನೆಯಲ್ಲಿ ಆಟಿಕೆಯಂತೆ ಕೊಡುವುದು, ಕೆಲವು ದಿನಗಳ ಮೇಲೆ ದೂರದಲ್ಲಿ ಅದನ್ನು ಚಾಲೂ ಮಾಡುವುದು, ಅಪ್ಪನ ಕ್ಷೌರವನ್ನು ನೋಡಿಸುವುದು, ಹಂತಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿ ಕೊನೆಯ ಚಿತ್ರದಲ್ಲಿ ಮಗುವಿಗೆ ಪ್ರಿಯವಾದುದನ್ನು ಇಡುವುದು, ಜನವಿಲ್ಲದ ಹೊತ್ತಿನಲ್ಲಿ ಕತ್ತರಿಯಿಂದ ಎರಡೇ ಎಳೆ ಕತ್ತರಿಸಿ ಮನೆಗೆ ಮರಳುವುದು ಎಂದು ಮುಂದುವರಿದರೆ ತಿಂಗಳುಗಳಲ್ಲಿ ದಾರಿ ತೆರೆಯುತ್ತದೆ. ಶೌಚದ ಅಭ್ಯಾಸ, ಹಲ್ಲುಜ್ಜುವುದು, ಬಸ್ಸು ಹತ್ತುವುದು ಎಲ್ಲಕ್ಕೂ ಕ್ರಮ ಇದೇ. ಹಠಕ್ಕೂ ಇಂದ್ರಿಯಗಳು ತಾಳಲಾರದೆ ಒಡೆದು ಬರುವ ಅಳುವಿಗೂ ಇರುವ ವ್ಯತ್ಯಾಸವನ್ನು ಮನೆಯವರು ಅರಿತ ದಿನ, ಬೈಗುಳ ಮತ್ತು ಏಟು ಅರ್ಧದಷ್ಟು ತಾವಾಗಿಯೇ ನಿಲ್ಲುತ್ತವೆ.

ಆದರೆ ಈ ತಿಂಗಳುಗಳ ತಾಳ್ಮೆ ಯಾರದು? ಆಟಿಸಂ ಇರುವ ಮಕ್ಕಳ ತಾಯಂದಿರಲ್ಲಿ ಖಿನ್ನತೆ ಮತ್ತು ಒತ್ತಡ ಇತರ ತಾಯಂದಿರಿಗಿಂತ ಹೆಚ್ಚೆಂಬುದನ್ನು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಕೆಲಸ ಬಿಡುವವಳು ಆಕೆ, ಥೆರಪಿ ಕೇಂದ್ರದ ಹೊರಗೆ ಬೆಂಚಿನ ಮೇಲೆ ಕಾಯುವವಳು ಆಕೆ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳ ಪಟ್ಟಿ ಹಿಡಿದು ಮರಳುವವಳೂ ಆಕೆ. ಪ್ರಗತಿ ನಿಧಾನವಾದರೆ ಮನೆಯಲ್ಲಿ ಅಭ್ಯಾಸ ಮಾಡಿಸಿಲ್ಲವೇ ಎಂಬ ಪ್ರಶ್ನೆ ಎದುರಿಸುವವಳೂ ಆಕೆಯೇ. ಪೋಷಕರ ತರಬೇತಿಯೆಂಬ ಒಳ್ಳೆಯ ವಿಚಾರ ಹೀಗೆ ಸಂಬಳವಿಲ್ಲದ ಎರಡನೆಯ ಉದ್ಯೋಗವಾಗಿ ಬದಲಾಗುವ ಅಪಾಯವನ್ನು ಸಂಶೋಧಕರು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ತಂದೆ ತರಬೇತಿಗೆ ಬರಬೇಕೆಂಬುದನ್ನು ಕೇಂದ್ರಗಳು ಷರತ್ತಾಗಿಯೇ ವಿಧಿಸಬೇಕು. ಅಜ್ಜಿ ತಾತ, ಚಿಕ್ಕಪ್ಪ ಚಿಕ್ಕಮ್ಮಂದಿರಿಗೆ ಒಂದೆರಡು ಕೌಶಲ್ಯವನ್ನಾದರೂ ಕಲಿಸಬೇಕು. ವಾರಕ್ಕೊಂದು ದಿನ ಮಗುವನ್ನು ನಂಬಿಕೆಯಿಂದ ಬಿಟ್ಟುಹೋಗಬಹುದಾದ ವಿರಾಮ ಕೇಂದ್ರಗಳು ತಾಲ್ಲೂಕು ಮಟ್ಟದಲ್ಲಿ ಬೇಕು. ತಾಯಂದಿರೇ ಕೂಡಿ ಕಟ್ಟಿಕೊಂಡ ವ್ಯವಸ್ಥೆಗಳು ಈ ದೇಶದಲ್ಲಿ ಮೊದಲು ಬಂದವೆಂಬುದು ಆಕಸ್ಮಿಕವಲ್ಲ: ದೆಹಲಿಯ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಮೆರಿ ಬರುವಾ ಅಂಥ ಒಬ್ಬ ತಾಯಿ.

ಕಾನೂನು ಆಟಿಸಂ ಅನ್ನು ಗುರುತಿಸಿದ್ದೂ ಇಂಥ ಪೋಷಕರ ಹೋರಾಟದಿಂದಲೇ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಅದರ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲು ಸೇರಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದಾಯಿತು. ನಿಗದಿತ ಪ್ರಮಾಣದ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ಇಷ್ಟವಿದ್ದಲ್ಲಿ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ನಿರಾಮಯ ವಿಮಾ ಯೋಜನೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ವೆಚ್ಚ ದೊರೆಯುತ್ತದೆ. ಆದರೂ ಶಾಲೆಗಳು ಮಗುವಿಗೆ ಪ್ರವೇಶವಿಲ್ಲವೆಂದು ನೇರವಾಗಿ ಹೇಳದೆ, 'ನಮ್ಮಲ್ಲಿ ಸೌಲಭ್ಯವಿಲ್ಲ, ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ' ಎಂದು ಕೈತೊಳೆದುಕೊಳ್ಳುವುದು ಸಾಮಾನ್ಯ. ವಿಶೇಷ ಶಿಕ್ಷಕರ ನೇಮಕವಾಗದೆ ಈ ಹಕ್ಕು ಕಾಗದದ ಮೇಲಿನದು. ಒಂದು ಶಾಂತ ಮೂಲೆ, ದಿನದ ಚಿತ್ರವೇಳಾಪಟ್ಟಿ, ಬರೆದು ಉತ್ತರಿಸಲು ಹೆಚ್ಚಿನ ಸಮಯ, ಗೇಲಿ ಮಾಡುವ ಮಕ್ಕಳಿಗೆ ತಿಳಿವಳಿಕೆ, ಇವುಗಳಲ್ಲಿ ಯಾವುದೂ ಹೆಚ್ಚು ಖರ್ಚಿನದಲ್ಲ.

ಪಾಲನೆಯ ಗುರಿಯೇನೆಂಬುದರ ಬಗ್ಗೆ ಆಟಿಸಂ ಇರುವವರು ತಾವೇ ಮಾತಾಡತೊಡಗಿದ ಮೇಲೆ ಚರ್ಚೆಯ ದಿಕ್ಕು ಬದಲಾಗಿದೆ. ತಮಗಾಗಿ ಶೋಕಿಸಬೇಡಿ ಎಂದು ಜಿಮ್ ಸಿಂಕ್ಲೇರ್ 1993ರಲ್ಲಿಯೇ ಪೋಷಕರಿಗೆ ಹೇಳಿದರು. ಅರ್ಥವಾಗದಿರುವುದು ಏಕಮುಖವಲ್ಲ, ಆಟಿಸಂ ಇಲ್ಲದವರಿಗೂ ಇರುವವರ ಮನಸ್ಸನ್ನು ಓದಲು ಬರುವುದಿಲ್ಲ ಎಂಬ ವಾದವನ್ನು ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೊ ಮುಖೋಪಾಧ್ಯಾಯ ಮಾತು ಬಾರದಿದ್ದರೂ ಬರಹಗಾರರಾದರು, ಅವರ ಮೊದಲ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಅವರ ತಾಯಿ ಸೋಮಾ ರೂಪಿಸಿದ ವಿಧಾನವನ್ನು ಇತರ ಮಕ್ಕಳಿಗೆ ಬಳಸುವಾಗ ಬರುವ ಮಾತು ಮಗುವಿನದೋ ನೆರವು ನೀಡುವವರದೋ ಎಂಬ ಸಂಶಯವಿರುವುದರಿಂದ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಒಪ್ಪಲಿಲ್ಲ. ಮಾತಿಲ್ಲದವನಲ್ಲಿ ವಿಚಾರವೂ ಇಲ್ಲವೆಂದು ತಿಳಿಯಬಾರದೆಂಬ ಪಾಠ ಮಾತ್ರ ಈ ವಿವಾದದಿಂದ ಅಳಿಯುವುದಿಲ್ಲ. ಆದರೆ ತೀವ್ರ ಸ್ವರೂಪದ ಆಟಿಸಂ ಇರುವ, ರಾತ್ರಿಯೆಲ್ಲ ನಿದ್ರಿಸದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗುವಿನ ತಂದೆತಾಯಿಗೆ, ಆಟಿಸಂ ಒಂದು ಭಿನ್ನತೆಯಷ್ಟೇ ಎಂಬ ಮಾತು ಕಠೋರವಾಗಿ ಕೇಳಿಸುತ್ತದೆ. ಮಗುವಿನ ನೋವನ್ನು ಕಡಿಮೆ ಮಾಡುವುದು, ಸಂವಹನದ ಒಂದು ದಾರಿಯನ್ನು ಕೊಡುವುದು, ತನ್ನ ಕೆಲಸ ತಾನು ಮಾಡಿಕೊಳ್ಳಲು ಕಲಿಸುವುದು ಈ ಗುರಿಗಳಲ್ಲಿ ಎರಡು ಪಕ್ಷಗಳಿಗೂ ಭಿನ್ನಾಭಿಪ್ರಾಯವಿರಲಾರದು. ಕೈ ಅಲುಗಿಸುವುದನ್ನು ನಿಲ್ಲಿಸಲು, ಕಣ್ಣಿಗೆ ಕಣ್ಣಿಟ್ಟು ನೋಡಿಸಲು ವ್ಯಯವಾಗುವ ಗಂಟೆಗಳನ್ನು ಇವುಗಳ ಕಡೆಗೆ ತಿರುಗಿಸಬೇಕು.

ಮಕ್ಕಳು ಬೆಳೆದಂತೆ ಎಲ್ಲ ಪೋಷಕರ ಬಾಯಲ್ಲಿ ಬರುವ ಪ್ರಶ್ನೆ ಒಂದೇ, 'ನಮ್ಮ ನಂತರ ಯಾರು?' ಥೆರಪಿ ಕೇಂದ್ರಗಳಲ್ಲಿ ಹೆಚ್ಚಿನವು ಎಳೆಯ ಮಕ್ಕಳಿಗಾಗಿ ಇವೆ. ಹದಿನೆಂಟು ದಾಟಿದವರಿಗೆ ಕೆಲಸ ಕಲಿಸುವ, ಹಗಲು ಹೊತ್ತಿನ ಆಸರೆಯಾಗುವ, ಕೊನೆಯವರೆಗೂ ವಾಸಕ್ಕೆ ಒದಗುವ ಕೇಂದ್ರಗಳು ಬೆರಳೆಣಿಕೆಯಷ್ಟು. ಹದಿನೆಂಟು ತುಂಬಿದ ಮಗ ಅಥವಾ ಮಗಳಿಗೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲವೆಂಬುದು ಎಷ್ಟೋ ಜನಕ್ಕೆ ಬ್ಯಾಂಕಿನ ಕೌಂಟರಿನಲ್ಲಿ ನಿಂತಾಗಲೇ ತಿಳಿಯುತ್ತದೆ. ಅದಕ್ಕಾಗಿ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. 2016ರ ಕಾಯ್ದೆಯಾದರೋ ಪೂರ್ಣ ಪೋಷಕತ್ವದ ಬದಲು, ವ್ಯಕ್ತಿಯ ಇಷ್ಟಾನಿಷ್ಟಗಳನ್ನು ಕೇಳಿ ಜೊತೆಯಾಗಿ ನಿರ್ಧರಿಸುವ ಸೀಮಿತ ಪೋಷಕತ್ವದ ಕಡೆಗೆ ವಾಲಿದೆ. ಈ ವ್ಯವಸ್ಥೆಗಳು ಹದಿನೆಂಟರ ಹುಟ್ಟುಹಬ್ಬದ ದಿನ ಹುಟ್ಟಿಕೊಳ್ಳುವಂಥವಲ್ಲ. ಹನ್ನೆರಡು ಹದಿಮೂರರ ವಯಸ್ಸಿನಿಂದಲೇ ಅಡುಗೆಮನೆಯ ಸಣ್ಣ ಕೆಲಸ, ಹಣದ ಲೆಕ್ಕ, ತನ್ನ ಮೈಯನ್ನು ಯಾರು ಮುಟ್ಟಬಹುದೆಂಬ ಅರಿವು, ಒಂಟಿಯಾಗಿ ಅಂಗಡಿಗೆ ಹೋಗಿಬರುವುದು ಇವುಗಳ ಅಭ್ಯಾಸ ಆರಂಭವಾಗಬೇಕು. ಅಂಗಡಿಯವನು, ಬಸ್ಸಿನ ಕಂಡಕ್ಟರು, ಬೀದಿಯ ನಾಲ್ಕು ಮನೆಯವರು ಮಗುವನ್ನು ಹೆಸರು ಹಿಡಿದು ಗುರುತಿಸುವಂತಾಗಬೇಕಾದರೂ ಅದನ್ನು ಅಷ್ಟು ಮುಂಚೆಯೇ, ಮುಚ್ಚಿಡದೆ, ಬೀದಿಗೆ ಕರೆದೊಯ್ಯಬೇಕಾಗುತ್ತದೆ. ಒಡಹುಟ್ಟಿದವರ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಅವರು ಒಪ್ಪಿ ಮುಂದೆ ಬಂದರೂ ಅವರ ಬೆನ್ನಿಗೆ ನ್ಯಾಸಪತ್ರ, ಪಿಂಚಣಿ ಮತ್ತು ಹತ್ತಿರದಲ್ಲಿಯೇ ಒಂದು ವಸತಿ ಕೇಂದ್ರ ಇರಬೇಕು, ಅವುಗಳಲ್ಲಿ ಕೊನೆಯದನ್ನು ಜಿಲ್ಲೆಗೊಂದರಂತೆ ಕಟ್ಟುವ ಕೆಲಸ ಸರ್ಕಾರದ್ದು.